ಬ್ಯಾಟರಿ ಕಂಪನಿ ಹೊಸ ಫ್ಯಾಕ್ಟರಿ ಘೋಷಿಸಿದರೆ ಆ ಸುದ್ದಿ ಓದೋದು ಹೇಗೆ?

ಬ್ಯಾಟರಿ ಕಂಪನಿಯೊಂದು ತನ್ನ ದೇಶದಲ್ಲೂ ಹೊರದೇಶದಲ್ಲೂ ಫ್ಯಾಕ್ಟರಿ ಕಟ್ಟುತ್ತದೆ ಎಂಬ ಸುದ್ದಿ ಬಂದರೆ ಎಲ್ಲರ ಕಣ್ಣೂ ಒಂದೇ ಅಂಕಿಯ ಮೇಲೆ ಬೀಳುತ್ತದೆ. ವರ್ಷಕ್ಕೆ ಇಷ್ಟು ಗಿಗಾವ್ಯಾಟ್ ಅವರ್ ಬ್ಯಾಟರಿ ಮಾಡುತ್ತೇವೆ ಅನ್ನುವ ಅಂಕಿ. ಶೇರು ಇಟ್ಟುಕೊಂಡವರು, ಅಲ್ಲಿ ಕೆಲಸ ಹುಡುಕುವವರು, ಆ ಕಂಪನಿಗೆ ಸಾಮಾನು ಪೂರೈಸೋಣ ಅಂತಿರುವವರು, ಎಲ್ಲರೂ ಅದನ್ನೇ ಹಿಡಿದುಕೊಳ್ಳುತ್ತಾರೆ. ಆ ಅಂಕಿ ಸುಳ್ಳಲ್ಲ. ಆದರೆ ಎಲ್ಲ ಸರಿಯಾಗಿ ನಡೆದರೆ ಒಂದು ದಿನ ಮುಟ್ಟಬಹುದಾದ ಎತ್ತರ ಅದು, ಅಷ್ಟೇ. ನನ್ನ ಪ್ರಕಾರ ಹೊಸ ಫ್ಯಾಕ್ಟರಿಯ ಭವಿಷ್ಯ ತಿಳಿಯಬೇಕಾದರೆ ಆ ಕಂಪನಿಯ ಹಳೇ ಫ್ಯಾಕ್ಟರಿ ಹೇಗೆ ಓಡುತ್ತಿದೆ ಅಂತ ನೋಡಬೇಕು. ಅದಕ್ಕೂ ಮುಂಚೆ ಕೆಲವು ಸಣ್ಣ ಲೆಕ್ಕಗಳಿವೆ.

ಮೊದಲು ನೋಡಬೇಕಾದ್ದು ಅಲ್ಲಿ ತಯಾರಾಗುವುದು ಸೆಲ್ಲಾ, ಪ್ಯಾಕಾ ಅಂತ. ಸೆಲ್ ಅಂದರೆ ವಿದ್ಯುತ್ ತುಂಬಿಟ್ಟುಕೊಳ್ಳುವ ಒಂದೊಂದು ಬಿಡಿ ಘಟಕ. ಪ್ಯಾಕ್ ಫ್ಯಾಕ್ಟರಿ ಅಂದರೆ ಬೇರೆಯವರು ಮಾಡಿದ ಸೆಲ್ ತಂದು, ಜೋಡಿಸಿ, ಡಬ್ಬಿಗೆ ಹಾಕಿ, ವೈರಿಂಗ್ ಮಾಡಿ ಕಳಿಸುವ ಜಾಗ. ಅದೂ ಕೆಲಸವೇ, ಆದರೆ ಬೇಗ ಶುರು ಮಾಡಬಹುದು, ದುಡ್ಡು ಕಡಿಮೆ ಸಾಕು. ಸೆಲ್ ಮಾಡುವುದೇ ನಿಜವಾದ ಕಷ್ಟ. ಸುದ್ದಿಯಲ್ಲಿ ಬರೀ 'ಬ್ಯಾಟರಿ ಘಟಕ' ಅಂತಿದ್ದು, ಸೆಲ್ ಎಂಬ ಮಾತು ಎಲ್ಲೂ ಬರದಿದ್ದರೆ ಸ್ವಲ್ಪ ಅನುಮಾನ ಇಟ್ಟುಕೊಳ್ಳಿ.

ಆಮೇಲೆ ಆ ಅಂಕಿಯನ್ನು ಕಾರುಗಳಿಗೆ ಬದಲಾಯಿಸಿ ನೋಡಿ. ಒಂದು ಗಿಗಾವ್ಯಾಟ್ ಅವರ್ ಅಂದರೆ ಹತ್ತು ಲಕ್ಷ ಕಿಲೋವ್ಯಾಟ್ ಅವರ್. ಒಂದು ಕಾರಿಗೆ 50 ಕಿಲೋವ್ಯಾಟ್ ಅವರ್ ಬ್ಯಾಟರಿ ಅಂತ ಇಟ್ಟುಕೊಂಡರೆ 20,000 ಕಾರು, 100 ಅಂತ ಇಟ್ಟುಕೊಂಡರೆ 10,000 ಕಾರು. ಟಾಟಾ ಗುಂಪಿನ ಅಗ್ರತಾಸ್ ಕಂಪನಿಯನ್ನೇ ತೆಗೆದುಕೊಳ್ಳಿ. ಇಲ್ಲಿ ಗುಜರಾತಿನ ಸಾನಂದದಲ್ಲಿ 20, ಅಲ್ಲಿ ಬ್ರಿಟನ್ನಿನ ಸಾಮರ್ಸೆಟ್‌ನಲ್ಲಿ 40 ಗಿಗಾವ್ಯಾಟ್ ಅವರ್ ಅಂತ 2023ರಲ್ಲಿ ಘೋಷಣೆಯಾಯಿತು. ಸಾಮರ್ಸೆಟ್‌ನ ಮುಖ್ಯ ಗಿರಾಕಿ ಜಾಗ್ವಾರ್ ಲ್ಯಾಂಡ್ ರೋವರ್. ಆ ಕಂಪನಿ ವರ್ಷಕ್ಕೆ ಮಾರುವುದೇ ಸುಮಾರು 4 ಲಕ್ಷ ಗಾಡಿ. ದೊಡ್ಡ ಬ್ಯಾಟರಿಯ ಲೆಕ್ಕದಲ್ಲೇ ನೋಡಿದರೂ ಅದರ ಹೆಚ್ಚುಕಡಿಮೆ ಪ್ರತಿಯೊಂದು ಗಾಡಿಯೂ ಎಲೆಕ್ಟ್ರಿಕ್ ಆದರೆ ಮಾತ್ರ 40 ತುಂಬುತ್ತದೆ, ಇಲ್ಲದಿದ್ದರೆ ಬೇರೆ ಗಿರಾಕಿಗಳು ಬೇಕು. ಇದು ತಪ್ಪು ಅಂತ ಹೇಳುತ್ತಿಲ್ಲ. ಒಂದೇ ಒಂದು ಗುಣಾಕಾರ ಮಾಡಿದರೆ ಯಾವ ಪ್ರಶ್ನೆ ಕೇಳಬೇಕು ಅಂತ ತಾನಾಗಿ ಹೊಳೆಯುತ್ತದೆ, ಅಲ್ವಾ?

ದುಡ್ಡಿನ ಲೆಕ್ಕವೂ ಇಷ್ಟೇ ಸುಲಭ. ಒಟ್ಟು ಹೂಡಿಕೆಯನ್ನು ಗಿಗಾವ್ಯಾಟ್ ಅವರ್‌ನಿಂದ ಭಾಗಿಸಿ. ಚೀನಾದ ಸಿಎಟಿಎಲ್ ಹಂಗೇರಿಯ ಡೆಬ್ರೆಸೆನ್‌ನಲ್ಲಿ 100 ಗಿಗಾವ್ಯಾಟ್ ಅವರ್‌ಗೆ 734 ಕೋಟಿ ಯೂರೋ ಅಂತ 2022ರಲ್ಲಿ ಹೇಳಿತು, ಅಂದರೆ ಒಂದು ಗಿಗಾವ್ಯಾಟ್ ಅವರ್‌ಗೆ 7.3 ಕೋಟಿ ಯೂರೋ. ಅದೇ ಕಂಪನಿ ಜರ್ಮನಿಯ ಆರ್ನ್‌ಸ್ಟಾಟ್‌ನಲ್ಲಿ 14ಕ್ಕೆ 180 ಕೋಟಿ ಯೂರೋ ಲೆಕ್ಕ ಹಾಕಿತ್ತು, ಅಲ್ಲಿ ಒಂದಕ್ಕೆ ಸುಮಾರು 13 ಕೋಟಿ ಬೀಳುತ್ತದೆ. ಪ್ಯಾನಾಸೋನಿಕ್ ಅಮೆರಿಕದ ಕ್ಯಾನ್ಸಾಸ್‌ನಲ್ಲಿ 32ಕ್ಕೆ 400 ಕೋಟಿ ಡಾಲರ್ ಹಾಕಿದೆ, ಒಂದಕ್ಕೆ 12.5 ಕೋಟಿ ಡಾಲರ್. ಫ್ಯಾಕ್ಟರಿ ದೊಡ್ಡದಾದಷ್ಟೂ ಒಂದರ ಖರ್ಚು ಇಳಿಯುತ್ತದೆ, ದೇಶದಿಂದ ದೇಶಕ್ಕೂ ಬದಲಾಗುತ್ತದೆ. ಆದರೆ ಯಾರಾದರೂ ಇದರ ಕಾಲು ಭಾಗದಲ್ಲಿ ಸೆಲ್ ಫ್ಯಾಕ್ಟರಿ ಕಟ್ಟುತ್ತೇವೆ ಅಂದರೆ ಒಂದೋ ಅದು ಪ್ಯಾಕ್ ಫ್ಯಾಕ್ಟರಿ, ಇಲ್ಲವೇ ಸುಮ್ನೆ ಹೇಳಿದ ಮಾತು.

ಈಗ ಮುಖ್ಯವಾದ ವಿಷಯಕ್ಕೆ ಬರೋಣ. ಸೆಲ್ ಫ್ಯಾಕ್ಟರಿಯಲ್ಲಿ ಕಟ್ಟಡ ಏಳುವುದು ಸುಲಭದ ಭಾಗ. ಒಳಗೆ ಪುಡಿಗಳನ್ನು ದ್ರಾವಣದಲ್ಲಿ ಕಲಸಿ, ಕೂದಲಿಗಿಂತ ತೆಳುವಾದ ಅಲ್ಯುಮಿನಿಯಂ ಮತ್ತು ತಾಮ್ರದ ಹಾಳೆಗಳ ಮೇಲೆ ಬಳಿದು, ಒಣಗಿಸಿ, ರೋಲರ್‌ನಲ್ಲಿ ಒತ್ತಿ, ಕತ್ತರಿಸಿ, ಸುತ್ತಿ ಅಥವಾ ಒಂದರ ಮೇಲೊಂದು ಜೋಡಿಸಿ, ತೇವವೇ ಇಲ್ಲದ ಒಣ ಕೋಣೆಯಲ್ಲಿ ಎಲೆಕ್ಟ್ರೋಲೈಟ್ ಎಂಬ ಚಾರ್ಜ್ ಸಾಗಿಸುವ ದ್ರವ ತುಂಬಿ, ಕೊನೆಗೆ ಮೊದಲ ಚಾರ್ಜ್ ಕೊಟ್ಟು ದಿನಗಟ್ಟಲೆ ಇಟ್ಟು ಪರೀಕ್ಷಿಸಬೇಕು. ಬಳಿಯುವಾಗ ಆದ ತಪ್ಪು ಗೊತ್ತಾಗುವುದು ಈ ಕೊನೆಯ ಪರೀಕ್ಷೆಯಲ್ಲಿ. ಅಷ್ಟರಲ್ಲಿ ಲೈನು ನಿಂತಿರುವುದಿಲ್ಲವಲ್ಲ, ಅದೇ ತಪ್ಪಿನ ಸಾವಿರಾರು ಸೆಲ್ ಹಿಂದೆ ಬರುತ್ತಿರುತ್ತವೆ. ನೂರು ಸೆಲ್ ಮಾಡಿದರೆ ಮಾರಲು ಯೋಗ್ಯವಾದವು ಎಷ್ಟು ಎಂಬುದಕ್ಕೆ ಈ ಕಸುಬಿನವರು ಯೀಲ್ಡ್ ಅನ್ನುತ್ತಾರೆ. ಹೊಸ ಫ್ಯಾಕ್ಟರಿಯಲ್ಲಿ ಅದು ತೀರಾ ಕಡಿಮೆ ಇರುತ್ತದೆ. 90 ದಾಟದೆ ಲಾಭದ ಮಾತು ಕಷ್ಟ. ಹಾಳಾದ ಸೆಲ್‌ಗೂ ಲಿಥಿಯಂ, ನಿಕ್ಕಲ್ ಖರ್ಚಾಗಿಯೇ ಇರುತ್ತದೆ.

ಸ್ವೀಡನ್ನಿನ ನಾರ್ತ್‌ವೋಲ್ಟ್ ಕಥೆ ಇದಕ್ಕೇ ಓದಬೇಕು. 50 ಬಿಲಿಯನ್ ಡಾಲರಿಗೂ ಜಾಸ್ತಿ ಆರ್ಡರ್ ಇದೆ ಅನ್ನುತ್ತಿದ್ದ ಕಂಪನಿ. ಷೆಲೆಫ್ಟಿಯೋ ಊರಿನ ಅದರ ತವರು ಫ್ಯಾಕ್ಟರಿಗೆ ಮೊದಲ ಗುರಿ 16 ಗಿಗಾವ್ಯಾಟ್ ಅವರ್, 2023ರಲ್ಲಿ ಮಾಡಿದ್ದು ಒಂದಕ್ಕೂ ಕಡಿಮೆ. ಅದು ನೆಟ್ಟಗಾಗುವ ಮೊದಲೇ ಜರ್ಮನಿಯಲ್ಲೂ ಕೆನಡಾದಲ್ಲೂ ಫ್ಯಾಕ್ಟರಿಗೆ ಕೈ ಹಾಕಿದರು. 2024ರಲ್ಲಿ ಬಿಎಂಡಬ್ಲ್ಯು 200 ಕೋಟಿ ಯೂರೋ ಆರ್ಡರ್ ವಾಪಸ್ ತೆಗೆದುಕೊಂಡಿತು. 2025ರ ಮಾರ್ಚ್‌ನಲ್ಲಿ ಕಂಪನಿ ಸ್ವೀಡನ್ನಿನಲ್ಲಿ ದಿವಾಳಿ ಅರ್ಜಿ ಹಾಕಿತು. ಹಾಗಾಗಿ ಹೊರದೇಶದ ಘೋಷಣೆ ಓದುವಾಗ ಪಕ್ಕದಲ್ಲೇ ಇನ್ನೊಂದು ಹುಡುಕಾಟ ಮಾಡಿ. ತವರಿನ ಫ್ಯಾಕ್ಟರಿ ಕಳೆದ ವರ್ಷ ಎಷ್ಟು ಸೆಲ್ ಕಳಿಸಿತು, ಅದರ ಸಾಮರ್ಥ್ಯದಲ್ಲಿ ಅದು ಶೇಕಡಾ ಎಷ್ಟು? ಈ ಉತ್ತರ ಸಿಗದಿದ್ದರೆ ವಿದೇಶದ ಅಂಕಿಗೆ ಬೆಲೆ ಕಟ್ಟಬೇಡಿ.

ಹಾಗಾದರೆ ಹೊರಗೆ ಹೋಗುವುದೇಕೆ? ಗಿರಾಕಿ ಅಲ್ಲಿದ್ದಾನೆ. ಬ್ಯಾಟರಿ ಭಾರ, ಸಾಗಿಸುವುದು ಅಪಾಯ, ಮೇಲೆ ಸುಂಕ. ಇದರ ಜೊತೆಗೆ ಸರ್ಕಾರದ ದುಡ್ಡು. ಅಮೆರಿಕದಲ್ಲಿ 2022ರ ಕಾನೂನು ಅಲ್ಲೇ ಮಾಡಿದ ಸೆಲ್‌ಗೆ ಕಿಲೋವ್ಯಾಟ್ ಅವರ್‌ಗೆ 35 ಡಾಲರ್ ತೆರಿಗೆ ರಿಯಾಯಿತಿ ಕೊಟ್ಟಿತು. ಕೊರಿಯಾದ ಎಲ್‌ಜಿ ಎನರ್ಜಿ ಸೊಲ್ಯೂಶನ್ 2024ರ ಮೊದಲ ಎರಡು ತ್ರೈಮಾಸಿಕಗಳಲ್ಲಿ ಲಾಭ ತೋರಿಸಿದ್ದು ಇದರಿಂದಲೇ, ಅದನ್ನು ತೆಗೆದರೆ ನಷ್ಟ. ಆದ್ದರಿಂದ ಹೊರದೇಶದ ಫ್ಯಾಕ್ಟರಿಯ ಲಾಭ ನೋಡುವಾಗ ರಿಯಾಯಿತಿ ಕಳೆದು ಉಳಿಯುವುದೆಷ್ಟು ಅಂತ ಒಮ್ಮೆ ನೋಡಿ, ಕಂಪನಿಯ ವರದಿಯಲ್ಲೇ ಬೇರೆ ಸಾಲಿನಲ್ಲಿ ಸಿಗುತ್ತದೆ. ಬಂಡವಾಳ ಎಲ್ಲಿಂದ ಬಂತು ಅಂತಲೂ ನೋಡಿ. ಸಿಎಟಿಎಲ್ 2025ರ ಮೇನಲ್ಲಿ ಹಾಂಗ್‌ಕಾಂಗ್‌ನಲ್ಲಿ ಶೇರು ಮಾರಿ ಎತ್ತಿದ ಹಣದಲ್ಲಿ ಸುಮಾರು 90% ಹಂಗೇರಿಗೆ ಅಂತ ಮೊದಲೇ ಬರೆದಿತ್ತು. ಹಾಗೆ ಕೈಯಲ್ಲಿ ಹಣ ಇದ್ದರೆ ಆ ಮಾತಿಗೆ ತೂಕ ಬೇರೆ.

ಹೊರದೇಶದಲ್ಲಿ ಇನ್ನೊಂದು ಕಷ್ಟ ಜನರದ್ದು. ಯಂತ್ರ ಕೂರಿಸಿ, ಹದಕ್ಕೆ ತರುವ ಕೈಗಳು ತವರಿನಿಂದಲೇ ಬರಬೇಕು. 2025ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಜಾರ್ಜಿಯಾದಲ್ಲಿ ಹ್ಯುಂಡೈ ಮತ್ತು ಎಲ್‌ಜಿ ಕಟ್ಟುತ್ತಿದ್ದ ಬ್ಯಾಟರಿ ಫ್ಯಾಕ್ಟರಿಯ ಮೇಲೆ ವಲಸೆ ಇಲಾಖೆ ದಾಳಿ ಮಾಡಿ 300ಕ್ಕೂ ಹೆಚ್ಚು ಕೊರಿಯನ್ನರನ್ನು ಹಿಡಿದುಕೊಂಡು ಹೋಯಿತು, ಕೆಲಸ ಹಿಂದೆ ಬಿತ್ತು. ಇನ್ನು ಚೀನಾ 2025ರ ಜುಲೈನಿಂದ ಎಲ್‌ಎಫ್‌ಪಿ ಎಂಬ ಬಗೆಯ ಸೆಲ್‌ನ ಕ್ಯಾಥೋಡ್ (ಧನ ತುದಿ) ಮಾಡುವ ತಂತ್ರಜ್ಞಾನ ಹೊರಗೆ ಕೊಡಲು ಪರವಾನಗಿ ಬೇಕು ಅಂತ ಮಾಡಿದೆ. ವೀಸಾ, ಪರವಾನಗಿ, ಇವು ಘೋಷಣೆಯಲ್ಲಿ ಬರುವುದೇ ಇಲ್ಲ.

ಯಾವ ಸೆಲ್ ಅನ್ನುವುದನ್ನೂ ಬಿಡಬೇಡಿ. ನಿಕ್ಕಲ್ ಇರುವ ಎನ್‌ಎಂಸಿ, ಕಬ್ಬಿಣ ಫಾಸ್ಫೇಟ್‌ನ ಎಲ್‌ಎಫ್‌ಪಿ ಎರಡಕ್ಕೂ ಗಿರಾಕಿ ಬೇರೆ. ಕಾರಿಗೆ ಬೇಡಿಕೆ ಕುಗ್ಗಿದಾಗ ಎಲ್‌ಜಿ ತನ್ನ ಮಿಷಿಗನ್ ಫ್ಯಾಕ್ಟರಿಯಲ್ಲಿ ವಿದ್ಯುತ್ ಸಂಗ್ರಹಕ್ಕೆ ಬೇಕಾದ ಎಲ್‌ಎಫ್‌ಪಿ ಸೆಲ್ ಶುರು ಮಾಡಿತು. ಹೀಗೆ ಹೊರಳಿಕೊಳ್ಳಲು ದಾರಿ ಇರುವ ಕಂಪನಿ ವಾಸಿ.

'ವರೆಗೆ' ಎಂಬ ಪದ ಕಂಡರೆ ನಿಲ್ಲಿ. '50 ಗಿಗಾವ್ಯಾಟ್ ಅವರ್‌ವರೆಗೆ', 'ಹಂತ ಹಂತವಾಗಿ', ಇವೆಲ್ಲ ಹಿಂದೆ ಸರಿಯಲು ಬಿಟ್ಟುಕೊಂಡ ಬಾಗಿಲು. ಫೋರ್ಡ್ ಮಿಷಿಗನ್‌ನ ಮಾರ್ಷಲ್‌ನಲ್ಲಿ 2023ರ ಫೆಬ್ರವರಿಯಲ್ಲಿ 35 ಅಂದಿತ್ತು, ಅದೇ ನವೆಂಬರ್‌ನಲ್ಲಿ 20ಕ್ಕೆ ಇಳಿಸಿತು. ಅಲ್ಲಿ ಕೆಲಸ ಸಿಗುವವರ ಸಂಖ್ಯೆಯೂ 2,500ರಿಂದ 1,700ಕ್ಕೆ ಬಂತು. ಮೊದಲ ಹಂತದ ಅಂಕಿಯನ್ನು ಮಾತ್ರ ಲೆಕ್ಕಕ್ಕೆ ಇಟ್ಟುಕೊಳ್ಳಿ.

ಕಾಯಬೇಕಾದ ಕಾಲವೂ ಕಡಿಮೆಯಿಲ್ಲ. ಪ್ಯಾನಾಸೋನಿಕ್‌ನ ಕ್ಯಾನ್ಸಾಸ್ ಫ್ಯಾಕ್ಟರಿ 2022ರ ಜುಲೈನಲ್ಲಿ ಘೋಷಣೆಯಾಗಿ 2025ರ ಜುಲೈನಲ್ಲಿ ಬಾಗಿಲು ತೆರೆಯಿತು. ಆರ್ನ್‌ಸ್ಟಾಟ್‌ಗೆ 2018ರಿಂದ 2022ರ ಡಿಸೆಂಬರ್‌ವರೆಗೆ ಹಿಡಿಯಿತು. ಅನುಭವಸ್ಥರಿಗೇ ಮೂರು ನಾಲ್ಕು ವರ್ಷ ಆದರೆ ಹೊಸಬರು ಎರಡೇ ವರ್ಷ ಅಂದಾಗ ನಗು ಬರುತ್ತದೆ.

ಆ ನಡುವಿನ ವರ್ಷಗಳಲ್ಲಿ ಭೂಮಿಪೂಜೆಯ ಫೋಟೋ ನೋಡಿ ಪ್ರಯೋಜನವಿಲ್ಲ. ಯಂತ್ರಗಳಿಗೆ ಆರ್ಡರ್ ಹೋಯಿತಾ, ಯಾರಿಗೆ ಹೋಯಿತು ನೋಡಿ. ಹೊಸ ಲೈನಿನಿಂದ ಬಂದ ಮಾದರಿ ಸೆಲ್‌ಗಳನ್ನು ಕಾರು ಕಂಪನಿ ಪರೀಕ್ಷಿಸಿ ಒಪ್ಪಿಕೊಂಡಿತಾ ನೋಡಿ. ಅದಿಲ್ಲದೆ ಮಾರಾಟ ಶುರುವಾಗುವುದಿಲ್ಲ. ಕಂಪನಿ ಶೇರು ಪೇಟೆಯಲ್ಲಿದ್ದರೆ ಇನ್ನೂ ಸುಲಭ: ಕಟ್ಟುತ್ತಿರುವ ಫ್ಯಾಕ್ಟರಿಯ ಖರ್ಚು ವಾರ್ಷಿಕ ವರದಿಯಲ್ಲಿ 'ಕ್ಯಾಪಿಟಲ್ ವರ್ಕ್ ಇನ್ ಪ್ರೋಗ್ರೆಸ್' ಎಂಬ ಸಾಲಿನಲ್ಲಿ ಕೂತಿರುತ್ತದೆ, ಫ್ಯಾಕ್ಟರಿ ಬಳಕೆಗೆ ಸಿದ್ಧವಾದಾಗ ಅಲ್ಲಿಂದ ಸ್ಥಿರ ಆಸ್ತಿಯ ಸಾಲಿಗೆ ಹೋಗುತ್ತದೆ. ವರ್ಷದಿಂದ ವರ್ಷಕ್ಕೆ ಆ ಮೊತ್ತ ಬೆಳೆಯುತ್ತಲೇ ಇದ್ದು ಆಚೆ ಹೋಗದಿದ್ದರೆ, ಉದ್ಘಾಟನೆಯ ದಿನಾಂಕ ಯಾಕೆ ಮುಂದಕ್ಕೆ ಹೋಗುತ್ತಿದೆ ಅಂತ ಕಂಪನಿಯ ಹೂಡಿಕೆದಾರರ ಸಭೆಯಲ್ಲಿ ಕೇಳಬಹುದು.