ನುಂಗಿದ ಸೀಸಿಯಂ ಮತ್ತು ನೀಲಿ ಕ್ಯಾಪ್ಸೂಲ್

ವಿಕಿರಣ ಪ್ರಯೋಗಾಲಯದ ವೈದ್ಯನಾಗಿ ನಾನು ಕಂಡವರಲ್ಲಿ ಹೆಚ್ಚಿನವರು ಕೈಗೋ ಬಟ್ಟೆಗೋ ದ್ರಾವಣ ಚೆಲ್ಲಿಕೊಂಡವರು. ನುಂಗಿ ಬಂದವರು ವಿರಳ. ಅಂಥ ಒಬ್ಬ ತಂತ್ರಜ್ಞರು ವಿಕಿರಣ ಸೂಸುವ ಸೀಸಿಯಂ-137ರ ದ್ರಾವಣ ತಾಗಿದ ಕೈಗವಸಿನಿಂದಲೇ ತುಟಿ ಒರೆಸಿಕೊಂಡಿದ್ದರು. "ಡಾಕ್ಟ್ರೇ, ಬೆರಳು ಹಾಕಿ ವಾಂತಿ ಮಾಡಲೇ?" ಎಂಬುದೇ ಅವರ ಮೊದಲ ಪ್ರಶ್ನೆ. ಬೇಡವೆಂದು ತಡೆದು, ಬಾಯಿ ಮುಕ್ಕಳಿಸಿ ಉಗುಳಿಸಿದೆ. ಆ ನೀರನ್ನೂ ಮೂಗು ಒರೆಸಿದ ಹತ್ತಿಯನ್ನೂ ಸಮಯ ನಮೂದಿಸಿ ಎತ್ತಿಟ್ಟೆ. ಮೈ ತೊಳೆಸಿ ಬಟ್ಟೆ ಬದಲಿಸಿದ ಮೇಲಷ್ಟೇ ಇಡೀ ದೇಹದ ವಿಕಿರಣ ಅಳೆಯುವ ಕೌಂಟರಿನಲ್ಲಿ ಕೂರಿಸಿದೆ, ಏಕೆಂದರೆ ಚರ್ಮಕ್ಕೆ ಅಂಟಿದ್ದನ್ನೂ ಆ ಯಂತ್ರ ಒಳಗಿನದೆಂದೇ ಎಣಿಸಿಬಿಡುತ್ತದೆ.

ಎಷ್ಟು ಒಳಹೋಗಿದೆಯೆಂಬ ನಿಖರ ಲೆಕ್ಕಕ್ಕೆ ಕಾಯದೆ ಪ್ರಷ್ಯನ್ ಬ್ಲೂ ಎಂಬ ನೀಲಿ ಔಷಧ ಆರಂಭಿಸಿದೆ: ದಿನಕ್ಕೆ ಮೂರು ಬಾರಿ, ಪ್ರತಿ ಬಾರಿ 3 ಗ್ರಾಂ, ಅಂದರೆ 500 ಮಿಲಿಗ್ರಾಂನ ಆರು ಕ್ಯಾಪ್ಸೂಲ್. ಬ್ರೆಜಿಲ್‌ನ ಗೊಯಾನಿಯಾದಲ್ಲಿ 1987ರ ಸೀಸಿಯಂ ದುರಂತದ ನಂತರ 46 ಜನರಿಗೆ ಕೊಟ್ಟದ್ದು ಇದನ್ನೇ. ಪೊಟ್ಯಾಸಿಯಂನಂತೆ ವರ್ತಿಸುವ ಸೀಸಿಯಂ ಸ್ನಾಯುಗಳನ್ನು ಸೇರುತ್ತದೆ, ಅಲ್ಲಿಂದ ಕರುಳಿಗೆ ಇಳಿದು ಮತ್ತೆ ರಕ್ತಕ್ಕೆ ಹೀರಲ್ಪಡುತ್ತದೆ. ತಾನು ರಕ್ತಕ್ಕೆ ಸೇರದ ಈ ಔಷಧ ಆ ತಿರುಗಾಟದ ದಾರಿಯಲ್ಲಿ ಅದನ್ನು ಹಿಡಿದು ಮಲದೊಂದಿಗೆ ಹೊರಹಾಕುತ್ತದೆ. ವಯಸ್ಕರ ದೇಹದಲ್ಲಿ ಸೀಸಿಯಂ ಅರ್ಧವಾಗಲು ಬೇಕಾಗುವ ಸುಮಾರು 110 ದಿನಗಳು ಇದರಿಂದ ಸುಮಾರು 30ಕ್ಕೆ ಇಳಿಯುತ್ತವೆ.

ನನಗೆ ತಲೆನೋವಾದದ್ದು ಮಲಬದ್ಧತೆ. ಹಿಡಿದಿಟ್ಟ ಸೀಸಿಯಂ ಕರುಳಲ್ಲೇ ನಿಂತರೆ ಅದರ ಒಳಪದರಕ್ಕೆ ವಿಕಿರಣ ತಾಗುತ್ತಲೇ ಇರುತ್ತದೆ. ಆದ್ದರಿಂದ ನಾರಿನ ಆಹಾರದ ಜೊತೆಗೆ ಮಲ ಸಡಿಲಿಸುವ ಔಷಧವನ್ನೂ ಕೊಟ್ಟು, ರಕ್ತದ ಪೊಟ್ಯಾಸಿಯಂ ಇಳಿಯದಂತೆ ಆಗಾಗ ಪರೀಕ್ಷಿಸಿದೆ. ಮಲ ನೀಲಿಯಾಗುತ್ತದೆಂದು ಮುಂಚೆಯೇ ಹೇಳಿದ್ದರೂ ಮೂರನೆಯ ರಾತ್ರಿ ಅವರು ಗಾಬರಿಯಿಂದ ಫೋನ್ ಮಾಡಿದರು. ಬಣ್ಣ ಕಂಡರೆ ಔಷಧ ಕರುಳಿನುದ್ದಕ್ಕೂ ಸಾಗಿದೆಯೆಂದರ್ಥ ಎಂದು ಮತ್ತೊಮ್ಮೆ ವಿವರಿಸಬೇಕಾಯಿತು.

ದಿನವಿಡೀ ಮೂತ್ರ, ಮಲ ಸಂಗ್ರಹಿಸಿ ಕೊಡುವುದು ಅವರಿಗೆ ಮುಜುಗರದ ಕೆಲಸವಾಗಿತ್ತು, ಆದರೆ ನನ್ನ ನಿರ್ಧಾರಗಳು ನಿಂತದ್ದು ಆ ಡಬ್ಬಿಗಳ ಮೇಲೆಯೇ. ಸಾಮಾನ್ಯವಾಗಿ ಸೀಸಿಯಂ ಮೂತ್ರದಲ್ಲೇ ಹೆಚ್ಚು ಹೋಗುತ್ತದೆ. ಕ್ಯಾಪ್ಸೂಲ್ ಶುರುವಾದ ಕೆಲವೇ ದಿನಗಳಲ್ಲಿ ಮಲದ ಪಾಲು ಅದನ್ನು ಮೀರಿತು. ಒಂದು ತಿಂಗಳ ನಂತರ ದೇಹದಲ್ಲಿನ ಸೀಸಿಯಂನ ಅಳತೆ ಅರ್ಧಕ್ಕಿಂತ ಕೆಳಗಿಳಿದಾಗ, ಉಳಿದದ್ದರಿಂದ ತಾಗುವ ವಿಕಿರಣದ ಪ್ರಮಾಣವನ್ನು ಲೆಕ್ಕ ಹಾಕಿ ಕ್ಯಾಪ್ಸೂಲ್ ನಿಲ್ಲಿಸಿದೆ, ಆದರೆ ಡಬ್ಬಿಗಳನ್ನು ಇನ್ನೊಂದು ವಾರ ತರಿಸಿಕೊಂಡೆ. ಆ ವಾರದ ಕೊನೆಗೆ ಮೂತ್ರದ ಪಾಲು ಮತ್ತೆ ಮೇಲಾಗಿತ್ತು.