ಹಳ್ಳಕ್ಕೂ ಪ್ಲಾಟ್ ನಂಬರ್ ಕೊಟ್ಟೆ

"ಹಳ್ಳಕ್ಕ ಪ್ಲಾಟ್ ಬಿಡ್ತೀರೇನ್ರೀ? ರೊಕ್ಕ ಯಾರು ಕೊಡ್ತಾರ, ಹಳ್ಳ ಕೊಡತೈತೇನು?" ಅಂತ ಜಮೀನಿನ ಮಾಲೀಕ ಕಾಕಾ ನಕ್ಕಿದ್ದರು. ಈಗ ಆ ಲೇಔಟ್‌ನಲ್ಲಿ ಒಂದು ಪ್ಲಾಟೂ ಉಳಿದಿಲ್ಲ. ಅದಕ್ಕೇ ಧೈರ್ಯವಾಗಿ ಬರೀತಿದ್ದೇನೆ.

ವಿಜಯಪುರದ ಹೊರಗೆ ಐದೂವರೆ ಎಕರೆ ಎರೆ ಹೊಲ. ನಡುವೆ ಮಳೆಗಾಲದ ಹಳ್ಳ, ದಂಡೆಗೆ ಏಳು ಬೇವಿನ ಗಿಡ, ಒಂದು ಬನ್ನಿ.

ಇದಕ್ಕೆ ಮುಂಚಿನ ಲೇಔಟ್‌ನಲ್ಲಿ ನಾನೇ ಕೆಡಿಸಿದ್ದೆ. ಗಿಡ ಕಡಿಯಲಿಲ್ಲ, ಸರಿ. ಆದರೆ ರಸ್ತೆ ಎತ್ತರಿಸುವಾಗ ಬುಡಕ್ಕೆ ಎರಡಡಿ ಗರಸು ಬಿತ್ತು, ಮೇಲೆ ರೋಲರ್ ಓಡಿತು. ಬೇರಿಗೆ ಗಾಳಿ ಇಲ್ಲ. ಎರಡು ವರ್ಷಕ್ಕೆ ಬೇವು ತುದಿಯಿಂದ ಒಣಗಿತು. ಹಳ್ಳಕ್ಕೆ ಸಿಮೆಂಟ್ ಹಾಕಿಸಿದ್ದೆ, ನೀರು ಓಡಿ ಹೋಗಿ ಕೆಳಗಿನ ಮನೆಗಳಿಗೆ ನುಗ್ಗಿತು. ನನ್ನ ಕೈಯಿಂದ ಸುಮಾರು 3 ಲಕ್ಷ ಹೋಯಿತು.

ಈ ಸಲ ನಕ್ಷೆಯಲ್ಲಿ ಮೊದಲು ಹಳ್ಳ, ಗಿಡ ಬರೆದೆ. ಆಮೇಲೆ ರಸ್ತೆ, ಕೊನೆಗೆ ಪ್ಲಾಟ್. 'ಖುಲ್ಲಾ ಜಾಗ' ಅಂತ ಬರೆದರೆ ನಾಳೆ ಯಾರೋ ಬಂದು ಕೇಳ್ತಾರೆ ಅಲ್ವಾ? ಮಂಜೂರಾತಿ ನಕ್ಷೆಯಲ್ಲಿ ಆ ಹಳ್ಳದ ಜಾಗ ಪಾರ್ಕ್. ನಮ್ಮ ಮಾರಾಟದ ಹಾಳೆಯಲ್ಲಿ ಮಾತ್ರ 23ರಿಂದ 27ರವರೆಗಿನ ಪ್ಲಾಟ್ ನಂಬರ್ ಹಳ್ಳದ ಹೆಸರಿಗೆ. ನ್ಯೂಜಿಲೆಂಡ್‌ನವರು 2017ರಲ್ಲಿ ವಾಂಗನೂಯಿ ನದಿಯನ್ನು ಕಾನೂನಿನ ಲೆಕ್ಕದಲ್ಲಿ ವ್ಯಕ್ತಿ ಅಂದರು. ನನ್ನ ಕೈಲಾದದ್ದು ಇಷ್ಟು. ಐದು ಪ್ಲಾಟಿನ 55 ಲಕ್ಷವನ್ನು ಉಳಿದ ತೊಂಬತ್ತಕ್ಕೆ ಹಂಚಿದೆ, ತಲಾ ಸುಮಾರು 61 ಸಾವಿರ ಜಾಸ್ತಿ. ಯಾರೂ ಚೌಕಾಸಿ ಮಾಡಲಿಲ್ಲ. ಹಳ್ಳದ ಕಡೆ ಮುಖ ಇದ್ದವು ಮೊದಲು ಹೋದವು.

ರಸ್ತೆ ಕೆಳಗೆ ಹಳ್ಳದ ನೀರಿನ ದೊಡ್ಡ ಪೈಪಿನ ಪಕ್ಕ, ಸ್ವಲ್ಪ ಮೇಲೆ, ಸಣ್ಣ ಪ್ರಾಣಿಗಳು ದಾಟಲಿ ಅಂತ ಒಂದಡಿಯ ಇನ್ನೊಂದು ಪೈಪ್ ಇಟ್ಟೆ. ಅದು ಒಣಗೇ ಇರುತ್ತೆ. ಬಾಯಿಗೆ ಜರಡಿ ಹಿಡಿದ ಮಣ್ಣು ಹರಡಿ ಬಂದೆ. ಬೆಳಿಗ್ಗೆ ನೋಡಿದರೆ ಐದು ಬೆರಳಿನ ಸಣ್ಣ ಹೆಜ್ಜೆ, ಉಗುರಿನ ಗೀರು. ಮುಂಗುಸಿ! ಬನ್ನಿ ಗಿಡ ಉಳಿಸಿ ಟ್ಯಾಂಕರ್ ತಿರುಗುವಂತೆ ರಸ್ತೆ ಹೇಗೆ ಬಗ್ಗಿಸಿದೆ ಅನ್ನೋದನ್ನು ಮಾತ್ರ ಹೇಳಲ್ಲ, ಅದು ನನ್ನ ಹೊಟ್ಟೆಪಾಡು.

ಸುಮ್ನೆ ಗುಬ್ಬಿಗೂಡಿನ ಇಪ್ಪತ್ತು ಪೆಟ್ಟಿಗೆಯನ್ನೂ ಹೊಡೆಸಿದ್ದೆ, ಪಶ್ಚಿಮದ ಗೋಡೆಗೆ. ನಮ್ಮ ಏಪ್ರಿಲ್ ಬಿಸಿಲಿಗೆ ಒಂದು ಗುಬ್ಬಿಯೂ ಹಣಕಲಿಲ್ಲ. ಉತ್ತರದ ಗೋಡೆಗೆ, ಸಜ್ಜಾದ ಕೆಳಗೆ ಬದಲಿಸಿದ ಮೇಲೆ ನಾಲ್ಕು ತುಂಬಿದವು. ಒಂದರಲ್ಲಿ ಇರುವೆ.

ತಲೆನೋವು ಮುಗಿದಿಲ್ಲ. ಮನೆ ಕಟ್ಟೋರು ರಾತ್ರಿ ಹೊತ್ತು ಒಡೆದ ಇಟ್ಟಿಗೆ, ಸಿಮೆಂಟಿನ ಗಟ್ಟಿ ತಂದು ಹಳ್ಳಕ್ಕೇ ಸುರೀತಾರೆ. ಹೋದ ತಿಂಗಳು ಎರಡು ಟ್ರ್ಯಾಕ್ಟರ್ ತೆಗೆಸಿದೆ. ಬಾಡಿಗೆ ನನ್ನದೇ.