ಜಿಂಬ್ರಾ ಮೇಲ್ ಸರ್ವರ್ ನಿಂತಾಗ: ರೀಸ್ಟಾರ್ಟ್‌ಗೆ ಮುನ್ನ ಕಮಾಂಡ್ ಲೈನ್‌ನಲ್ಲಿ ನೋಡಬೇಕಾದದ್ದು

ಮೇಲ್ ಬರುತ್ತಿಲ್ಲವೆಂಬ ದೂರು ಬಂದೊಡನೆ ಜಿಂಬ್ರಾವನ್ನು ಪೂರ್ತಿಯಾಗಿ ರೀಸ್ಟಾರ್ಟ್ ಮಾಡುವ ರೂಢಿ ಅನೇಕ ಅಡ್ಮಿನ್‌ಗಳಿಗಿದೆ. ಸೇವೆ ಮರಳಿ ಬಂದರೂ ಯಾವ ಭಾಗ ಏಕೆ ನಿಂತಿತ್ತೆಂಬುದು ತಿಳಿಯದೇ ಹೋಗುತ್ತದೆ. ಡಿಸ್ಕ್ ತುಂಬಿ ತೊಂದರೆಯಾಗಿದ್ದರೆ, ಅದುವರೆಗೆ ಓಡುತ್ತಿದ್ದ ಸೇವೆಗಳು ಕೂಡ ರೀಸ್ಟಾರ್ಟ್ ಆದ ಬಳಿಕ ಏಳದಿರಬಹುದು.

ಆದ್ದರಿಂದ ಮೊದಲು ‘ಡಿಎಫ್’ ಕಮಾಂಡ್‌ನಿಂದ ಖಾಲಿ ಜಾಗವನ್ನೂ, ಅದಕ್ಕೆ ‘ಹೈಫನ್ ಐ’ ಸೇರಿಸಿ ಐನೋಡ್‌ಗಳನ್ನೂ (ಪ್ರತಿ ಫೈಲ್‌ಗೆ ಒಂದರಂತೆ ಬೇಕಾಗುವ ದಾಖಲೆಗಳು) ನೋಡಿರಿ. ಜಿಂಬ್ರಾ ಪ್ರತಿ ಸಂದೇಶವನ್ನು ಪ್ರತ್ಯೇಕ ಫೈಲ್ ಆಗಿ ಇಡುವುದರಿಂದ, ಜಾಗವಿದ್ದೂ ಐನೋಡ್ ಮುಗಿದಿರುವ ಸಾಧ್ಯತೆಯುಂಟು.

ಅನಂತರ ‘ಸು ಹೈಫನ್ ಜಿಂಬ್ರಾ’ ಮೂಲಕ ಜಿಂಬ್ರಾ ಬಳಕೆದಾರರಾಗಿ ಒಳಹೋಗಿರಿ. ನಡುವಿನ ಹೈಫನ್ ಬಿಟ್ಟರೆ ಆ ಬಳಕೆದಾರರ ಪರಿಸರ ಲೋಡ್ ಆಗದೆ ಕಮಾಂಡ್‌ಗಳು ಸಿಗದೇ ಹೋಗಬಹುದು. ಈಗ ‘ಝಡ್‌ಎಂಕಂಟ್ರೋಲ್ ಸ್ಟೇಟಸ್’ ಕೊಟ್ಟರೆ ಪ್ರತಿ ಸೇವೆಯ ಸ್ಥಿತಿ ಕಾಣುತ್ತದೆ. ಅಂಕಿಅಂಶ ಕೂಡಿಸುವ ಸ್ಟ್ಯಾಟ್ಸ್ ಅಥವಾ ಲಾಗ್ ಒಟ್ಟುಗೂಡಿಸುವ ಲಾಗರ್ ನಿಂತಿದ್ದರೆ ಮೇಲ್ ಹರಿವಿಗೆ ತಡೆಯಾಗದು. ಅದನ್ನು ಕಂಡು ಗಾಬರಿಯಾಗಬೇಕಿಲ್ಲ. ಆದರೆ ಎಲ್‌ಡ್ಯಾಪ್‌ನಿಂದ (ಖಾತೆ ಹಾಗೂ ಸಂರಚನೆಗಳನ್ನು ಇಡುವ ಡೈರೆಕ್ಟರಿ) ಸೇವೆಗಳ ಪಟ್ಟಿ ಸಿಗಲಿಲ್ಲ, ಕ್ಯಾಶ್‌ನಿಂದ ಓದಲಾಗಿದೆ ಎಂಬ ಎಚ್ಚರಿಕೆ ಮೇಲೆ ಬಂದಿದ್ದರೆ ಕೆಳಗಿನ ಪಟ್ಟಿಯನ್ನು ಪೂರ್ತಿ ನಂಬಬಾರದು. ಉಳಿದ ಸೇವೆಗಳೆಲ್ಲ ತಮ್ಮ ಸಂರಚನೆಯನ್ನು ಎಲ್‌ಡ್ಯಾಪ್‌ನಿಂದಲೇ ಪಡೆಯುವುದರಿಂದ ಮೊದಲು ಅದನ್ನು ಸರಿಪಡಿಸಬೇಕು. ಅವಧಿ ಮುಗಿದ ಪ್ರಮಾಣಪತ್ರ ಇಂಥ ಸಂದರ್ಭದ ಸಾಮಾನ್ಯ ಕಾರಣಗಳಲ್ಲೊಂದು. ‘ಝಡ್‌ಎಂಸರ್ಟ್‌ಎಂಜಿಆರ್ ವ್ಯೂಡಿಪ್ಲಾಯ್ಡ್‌ಸಿಆರ್‌ಟಿ’ ಅದರ ಕೊನೆಯ ದಿನಾಂಕವನ್ನು ತೋರಿಸುತ್ತದೆ.

ಸ್ಟೇಟಸ್ ಚೆನ್ನಾಗಿದ್ದೂ ಮೇಲ್ ಸಾಗದಿದ್ದರೆ ಮೇಲ್ ಸಾಗಿಸುವ ಪೋಸ್ಟ್‌ಫಿಕ್ಸ್‌ನ ಸರದಿಯನ್ನು ‘ಪೋಸ್ಟ್‌ಕ್ಯೂ ಹೈಫನ್ ಪಿ’ಯಿಂದ ತೆರೆಯಿರಿ. ಪ್ರತಿ ಸಂದೇಶದ ಕೆಳಗೆ ಆವರಣದಲ್ಲಿರುವ ಕಾರಣವೇ ಅಲ್ಲಿನ ನಿಜವಾದ ಮಾಹಿತಿ. ಸಂಪರ್ಕ ನಿರಾಕರಿಸಲಾಗಿದೆ ಎಂಬುದರ ಜೊತೆ 10024ನೆಯ ಪೋರ್ಟ್ ಕಂಡರೆ ಸ್ಪ್ಯಾಮ್, ವೈರಸ್ ತಪಾಸಣೆಯ ಅಮಾವಿಸ್ ಓಡುತ್ತಿಲ್ಲ. 7025 ಕಂಡರೆ ಮೇಲ್ ಒಪ್ಪಿಸಿಕೊಳ್ಳಬೇಕಾದ ಮೇಲ್‌ಬಾಕ್ಸ್ ಸೇವೆ ಉತ್ತರಿಸುತ್ತಿಲ್ಲ. ಎರಡನೆಯದಕ್ಕೆ ‘ಝಡ್‌ಎಂಮೇಲ್‌ಬಾಕ್ಸ್‌ಡಿಸಿಟಿಎಲ್ ರೀಸ್ಟಾರ್ಟ್’ ಸಾಕು, ಇಡೀ ಸರ್ವರನ್ನು ನಿಲ್ಲಿಸಬೇಕಾಗಿಲ್ಲ. ಅದಕ್ಕೂ ಮುನ್ನ ಜಿಂಬ್ರಾದ ಲಾಗ್ ಡೈರೆಕ್ಟರಿಯಲ್ಲಿರುವ ಮೇಲ್‌ಬಾಕ್ಸ್ ಲಾಗ್‌ನ ಕೊನೆಯ ಸಾಲುಗಳನ್ನು ಬೇರೆಡೆ ನಕಲು ಮಾಡಿಟ್ಟುಕೊಳ್ಳಿ. ಸೇವೆ ಎದ್ದ ಮೇಲೆ ಸರದಿಯನ್ನು ‘ಪೋಸ್ಟ್‌ಕ್ಯೂ ಹೈಫನ್ ಎಫ್’ನಿಂದ ಮತ್ತೆ ಕಳುಹಿಸಬಹುದು, ಬಾಕಿ ಇರುವುದನ್ನೆಲ್ಲ ಅಳಿಸಿಬಿಡುವ ಆತುರ ಬೇಡ, ಅಳಿಸಿದ ಸಂದೇಶ ಮರಳಿ ಸಿಗದು.

ಮೇಲ್‌ಬಾಕ್ಸ್ ಸೇವೆ ನಿಂತಿರುವಾಗ ಖಾತೆಗಳನ್ನು ನಿರ್ವಹಿಸುವ ‘ಝಡ್‌ಎಂಪ್ರೋವ್’ ಕಮಾಂಡ್ ವಿಫಲವಾಗುತ್ತದೆ. ಅದು ಸಾಮಾನ್ಯವಾಗಿ ಆ ಸೇವೆಯ 7071ನೆಯ ಪೋರ್ಟ್‌ನ ಮೂಲಕವೇ ಮಾತಾಡುತ್ತದೆ. ಆಗ ‘ಹೈಫನ್ ಎಲ್’ ಸೇರಿಸಿದರೆ ಅದು ನೇರವಾಗಿ ಎಲ್‌ಡ್ಯಾಪ್‌ಗೆ ಹೋಗುತ್ತದೆ. ಪ್ರತಿ ಸಲ ಜಾವಾ ಹೊಸದಾಗಿ ಆರಂಭವಾಗುವುದರಿಂದ ಈ ಕಮಾಂಡ್ ನಿಧಾನ. ನೂರಾರು ಖಾತೆಗಳನ್ನು ಬದಲಿಸುವುದಿದ್ದರೆ ಸಾಲುಗಳನ್ನು ಒಂದು ಫೈಲ್‌ನಲ್ಲಿ ಬರೆದು ‘ಹೈಫನ್ ಎಫ್’ನೊಡನೆ ಒಮ್ಮೆಲೇ ಕೊಡುವುದು ಉತ್ತಮ.

ಯಾರಾದರೂ ಈ ಕಮಾಂಡ್‌ಗಳನ್ನು ರೂಟ್ ಆಗಿ ಓಡಿಸಿ ಫೈಲ್‌ಗಳ ಒಡೆತನ ಕೆಟ್ಟಿದ್ದರೆ, ಸೇವೆಗಳನ್ನು ನಿಲ್ಲಿಸಿ ರೂಟ್‌ನಿಂದ ‘ಝಡ್‌ಎಂಫಿಕ್ಸ್‌ಪರ್ಮ್ಸ್’ ಓಡಿಸಿದ ಮೇಲೆ ಮತ್ತೆ ಆರಂಭಿಸಿರಿ.